ಎಷ್ಟು ಎಂಎಂ ಸರ್?

ಮೊನ್ನೆ ಭಾನುವಾರ ದರೋಜಿ ಕರಡಿಧಾಮದ ವಾಚ್ ಟವರ್ ಮೇಲೆ ಕಂಡದ್ದು ಇನ್ನೂ ತಲೆ ಕೊರೆಯುತ್ತಿದೆ. ಒಬ್ಬ ಕಾಲೇಜು ಹುಡುಗ, ಕೈಯಲ್ಲಿ 55-250 ಲೆನ್ಸ್ ಹಾಕಿದ ಸಾದಾ ಕ್ಯಾಮೆರಾ. ಪಕ್ಕದಲ್ಲಿ ಒಬ್ಬ ಯಜಮಾನರು. ಅವರಿಗೆ ಮಿಲಿಟರಿ ಬಣ್ಣದ ಅಂಗಿ, ಮಿಲಿಟರಿ ಬಣ್ಣದ ಟೋಪಿ, ಲೆನ್ಸಿಗೂ ಅದೇ ಬಣ್ಣದ ಕುಪ್ಪಸ.

"ಎಷ್ಟು ಎಂಎಂ ತಮ್ಮಾ?"

"ಇನ್ನೂರೈವತ್ತು ಸರ್."

"ಅಷ್ಟಕ್ಕ ಮೊಬೈಲೇ ಸಾಕಾಗ್ತಿತ್ತಲ್ಲೋ!"

ಸುತ್ತಲಿದ್ದವರು ನಕ್ಕರು. ಹುಡುಗ ಕ್ಯಾಮೆರಾ ಬ್ಯಾಗಿಗೆ ಹಾಕಿ ಜಿಪ್ ಎಳೆದ. ಕರಡಿ ಇನ್ನೂ ಗುಡ್ಡ ಇಳಿದೇ ಇರಲಿಲ್ಲ.

ಎಂಎಂ ಅಂದರೆ ಲೆನ್ಸಿನ ಫೋಕಲ್ ಲೆಂತ್; ಅದು ಜಾಸ್ತಿಯಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ, ನೋಟದ ಅಗಲ ಮಾತ್ರ ಕಿರಿದಾಗುತ್ತದೆ. 55-250 ಅಂದರೆ 55ರಿಂದ 250ರವರೆಗೆ ಝೂಮ್. ಈ "ಎಷ್ಟು ಎಂಎಂ" ಅನ್ನೋದು ವರನಿಗೆ "ಸಂಬಳ ಎಷ್ಟು" ಅಂತ ಕೇಳಿದ ಹಾಗೆ. ಉತ್ತರ ಬಂದ ಕೂಡಲೇ ನಿಮ್ಮನ್ನು ಎಲ್ಲಿ ಕೂರಿಸಬೇಕು ಅಂತ ಅವರಿಗೆ ಗೊತ್ತಾಗಿಬಿಡುತ್ತದೆ. ಯಾವ ಪ್ರಾಣಿ, ಯಾವ ಹೊತ್ತು, ಬೆಳಕು ಎಷ್ಟು, ಹೊರುವವರು ಯಾರು, ಇದನ್ನೆಲ್ಲ ಯಾರೂ ಕೇಳುವುದಿಲ್ಲ.

ದರೋಜಿಯನ್ನೇ ತಗೊಳ್ಳಿ. ಮಧ್ಯಾಹ್ನ ಅರಣ್ಯದವರು ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಹೋಗುತ್ತಾರೆ. ಕರಡಿಗಳು ಇಳಿಯುವುದು ಬಿಸಿಲು ತಗ್ಗಿದ ಮೇಲೆ. ಬಂಡೆ ಕೆಂಪಗೆ ಹೊಳೆಯುತ್ತಿರುತ್ತದೆ, ಕರಡಿ ಕಪ್ಪು. ಕ್ಯಾಮೆರಾ ಬಂಡೆಯ ಬೆಳಕನ್ನೇ ಅಳೆದು ಕರಡಿಯನ್ನು ಇದ್ದಿಲು ಮಾಡಿಬಿಡುತ್ತದೆ. ಆ ಹೊತ್ತಿಗೆ ನಿಮ್ಮ 150-600 ಏನಾಗಿರುತ್ತದೆ? 600ಕ್ಕೆ ಎಳೆದರೆ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿ, ಎಫ್/6.3. ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಕಡಿಮೆ ಬೆಳಕಿಗೆ ಏರಿಸುವ ಐಎಸ್ಒ 6400 ದಾಟುತ್ತದೆ, ಕರಡಿಯ ಮೈಮೇಲೆ ಕೂದಲಿಗಿಂತ ನಾಯ್ಸೇ (ಕಾಳು ಕಾಳು ಚುಕ್ಕೆ) ಜಾಸ್ತಿ. ಯಜಮಾನರು ಪರದೆಯಲ್ಲಿ ಫೋಟೋ ತೋರಿಸಿದರು. "ಚೆನ್ನಾಗಿದೆ ಸರ್" ಅಂದೆ. ಟವರ್ ಮೇಲೆ ಜಗಳ ಯಾಕೆ ಅಂತ.

ಕತ್ತಲಲ್ಲಿ ಬೇಕಾದದ್ದು ಗಾಜಿನ ಅಗಲ. ಲೆಕ್ಕ ಸುಲಭ. 600ನ್ನು 6.3ರಿಂದ ಭಾಗಿಸಿ, ಸುಮಾರು 95 ಮಿಲಿಮೀಟರ್ ಬರುತ್ತದೆ. 4ರಿಂದ ಭಾಗಿಸಿ, 150. 600 ಎಫ್/4 ಲೆನ್ಸಿನ ಮುಂದೆ ಅಷ್ಟು ಅಗಲದ ಗಾಜು ಬೇಕು. ಒಳಗೆ ಬರುವ ಬೆಳಕು ಎರಡೂವರೆ ಪಟ್ಟು. ಬೆಲೆ ಹತ್ತು ಲಕ್ಷದ ಮೇಲೆ. ರಾತ್ರಿ ನಿದ್ದೆ ಬರದಿದ್ದಾಗ ನಾನು ಅದರ ಬೆಲೆ ನೋಡುತ್ತಾ ಮಲಗುತ್ತೇನೆ. ನಮ್ಮ ಮನೆಯಲ್ಲಿ ಇದು ಯಾರಿಗೂ ಗೊತ್ತಿಲ್ಲ, ಈಗ ನಿಮಗೆಲ್ಲ ಗೊತ್ತಾಯಿತು. ಹೌದು, ಈ ಬರಹದಲ್ಲಿ ಹೊಟ್ಟೆಕಿಚ್ಚೂ ಸೇರಿದೆ.

ಇನ್ನು ನಮ್ಮ ಬಿಸಿಲು. ಯಲಬುರ್ಗಾ, ಕುಕನೂರು ಕಡೆಯ ಎರೆ ಹೊಲಗಳಲ್ಲಿ ಚಿಗರಿಯ (ಕೃಷ್ಣಮೃಗ) ಫೋಟೋ ಹಿಡಿಯಲು ಹೋದವರಿಗೆ ಗೊತ್ತು. ಬೇಸಿಗೆಯಲ್ಲಿ ಹತ್ತು ಗಂಟೆ ಆಯಿತೆಂದರೆ ನೆಲದ ಮೇಲಿನ ಗಾಳಿಯೇ ಕುದಿಯುತ್ತದೆ. ಕಣ್ಣಿಗೆ ಚಿಗರಿ ಸರಿಯಾಗಿ ಕಾಣುತ್ತದೆ, ಫೋಟೋದಲ್ಲಿ ಕೊಂಬು ನೀರಿನಲ್ಲಿ ಅದ್ದಿದ ಹಾಗೆ ವಂಕಿ ವಂಕಿ. ಆಗ ಲೆನ್ಸನ್ನೇ ಬೈಯುತ್ತಾರೆ, ಫೋಕಸ್ ಸರಿ ಇಲ್ಲ ಅಂತ ಸರ್ವೀಸಿಗೆ ಕಳಿಸುತ್ತಾರೆ. ಫೋಕಸ್ ಏನು ಮಾಡೀತು? ಬಿಸಿಗಾಳಿಯಲ್ಲಿ ದೂರದಿಂದ ತೆಗೆದರೆ ಯಾವ ಕಂಪನಿಯ ಯಾವ ಲೆನ್ಸೂ ಉಳಿಸುವುದಿಲ್ಲ. ಎಂಎಂ ಜಾಸ್ತಿಯಾದಷ್ಟೂ ಆ ಗಾಳಿಯನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಇದಕ್ಕೆ ಮದ್ದು ಒಂದೇ: ಸೂರ್ಯ ಹುಟ್ಟುವ ಮೊದಲೇ ಅಲ್ಲಿರಬೇಕು. ಅದಕ್ಕೆ ಇಎಂಐ ಸಿಗುವುದಿಲ್ಲ, ಅಲಾರಾಂ ಇಡಬೇಕು.

"ಸಣ್ಣ ಹಕ್ಕಿಗೆ 600 ಬೇಕೇ ಬೇಕಲ್ಲ?" ಅಂತ ಕೇಳುತ್ತೀರಿ. ಬೇಕು, ಒಪ್ಪಿದೆ. ನಮ್ಮ ಗಂಗಾವತಿ ಕಡೆಯ ಬಂಕಾಪುರದ ತೋಳಗಳನ್ನು ದೂರದಿಂದಲೇ ನೋಡಬೇಕು, ಅದಕ್ಕೂ ಬೇಕು ಅನ್ನುತ್ತೀರಿ. ಆದರೆ ಮರಿ ಹಾಕಿದ ತೋಳದ ಗುಹೆ ಕಡೆ 600 ಹಿಡಿದುಕೊಂಡೂ ಹೋಗಬಾರದು, ಗೊತ್ತಿರಲಿ. ಇನ್ನು ಚಳಿಗಾಲದಲ್ಲಿ ತುಂಗಭದ್ರಾ ಹಿನ್ನೀರಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಗುಂಪು ತಲೆ ಮೇಲೆ ಹಾರಿದಾಗ 600ರಲ್ಲಿ ಹುಡುಕಿ ನೋಡಿ. ಬರೀ ಆಕಾಶ ಸಿಗುತ್ತದೆ. 300 ಹಿಡಿದವನು ಅಷ್ಟರಲ್ಲಿ ಫೋಟೋ ತೆಗೆದು ಮಂಡಕ್ಕಿ ತಿನ್ನುತ್ತಿರುತ್ತಾನೆ.

ಟೆಲಿಕನ್ವರ್ಟರ್ (ಲೆನ್ಸಿಗೂ ಕ್ಯಾಮೆರಾಗೂ ನಡುವೆ ಸಿಕ್ಕಿಸಿ ಎಂಎಂ ಹೆಚ್ಚಿಸುವ ತುಂಡು) ಹಾಕಿ ಅನ್ನುವವರು ಬೇರೆ. ಎಫ್/6.3 ಲೆನ್ಸಿಗೆ 1.4 ಕನ್ವರ್ಟರ್ ಹಾಕಿದರೆ ಎಫ್/9 ಆಗುತ್ತದೆ. ಹಳೇ ಡಿಎಸ್ಎಲ್ಆರ್‌ಗಳಲ್ಲಿ ಆಟೋಫೋಕಸ್ ಅಲ್ಲಿಗೆ ಕೈ ಎತ್ತಿಬಿಡುತ್ತದೆ. ಇದನ್ನು ಅಂಗಡಿಯವರು ಹೇಳುವುದಿಲ್ಲ.

ತೂಕದ ಮಾತಂತೂ ಯಾರೂ ಎತ್ತುವುದಿಲ್ಲ. ಸಿಗ್ಮಾ 150-600 ಕಂಟೆಂಪರರಿ ಹತ್ತಿರ ಹತ್ತಿರ ಎರಡು ಕೆಜಿ, ನಿಕಾನ್ 200-500 ಎರಡು ಕಾಲು ಕೆಜಿ ಮೇಲೆ. ಬಲ ಹೆಗಲು ಹಿಡಿದುಕೊಂಡ ಮೇಲೆ ನನಗೆ ಇದು ದೊಡ್ಡ ವಿಷಯ. ಕ್ಯಾನನ್ ಆರ್‌ಎಫ್ 100-400 ಮುಕ್ಕಾಲು ಕೆಜಿಯೂ ಇಲ್ಲ. 400ರಲ್ಲಿ ಎಫ್/8, ಸಂಜೆಗೆ ಕಷ್ಟ, ನಿಜ. ಆದರೆ ಅದು ಕೈಯಲ್ಲಿರುತ್ತದೆ. ಎರಡು ಕೆಜಿಯದ್ದು ಬೀರುವಿನಲ್ಲಿರುತ್ತದೆ.

ಆ ಹುಡುಗನ 250ರ ಬಗ್ಗೆಯೂ ಹೇಳಿಬಿಡುತ್ತೇನೆ. ಅವನ ಕ್ಯಾನನ್ ಕ್ರಾಪ್ ಸೆನ್ಸರ್‌ನದು, ಅಂದರೆ ಚಿತ್ರ ಹಿಡಿಯುವ ಚಿಪ್ ಚಿಕ್ಕದು. ಫುಲ್ ಫ್ರೇಮಿನಲ್ಲಿ, ಅಂದರೆ ದೊಡ್ಡ ಸೆನ್ಸರಿನಲ್ಲಿ, 400 ತೋರಿಸುವಷ್ಟೇ ನೋಟ ಅವನಿಗೆ ಸಿಗುತ್ತದೆ. ಯಜಮಾನರಿಗೆ ಇದು ಗೊತ್ತಿತ್ತೋ ಇಲ್ಲವೋ, ಟೋಪಿ ನೋಡಿದರೆ ಗೊತ್ತಿರುವ ಹಾಗಿತ್ತು.

ಹೊಸದಾಗಿ ಶುರು ಮಾಡುವವರು ಸುಮ್ನೆ ಒಂದು 70-300 ಸೆಕೆಂಡ್ ಹ್ಯಾಂಡ್ ನೋಡಿ. ಹಿಂದಿನಿಂದ ಟಾರ್ಚ್ ಬಿಟ್ಟು ಗಾಜಿಗೆ ಫಂಗಸ್ (ಬೂಷ್ಟು) ಇದೆಯಾ ಅಂತ ನೋಡಿ. ಝೂಮ್ ಮಾಡಿದಾಗ ಉದ್ದವಾಗುವ ಲೆನ್ಸು ಧೂಳನ್ನೂ ಒಳಗೆಳೆಯುತ್ತದೆ. ಸಂಡೂರು ರಸ್ತೆಯಲ್ಲಿ ಅದಿರು ಲಾರಿ ಹಿಂದೆ ಹೋಗುವಾಗ ಬ್ಯಾಗಿನಿಂದ ತೆಗೆಯಲೇಬೇಡಿ. ದೊಡ್ಡದು ಬೇಕೆನಿಸಿದರೆ ಮೊದಲು ಎರಡು ದಿನ ಬಾಡಿಗೆಗೆ ತಂದು ಹೊತ್ತು ನೋಡಿ.

ಕಾರಿನ ಕಿಟಕಿ ಮೇಲೆ ಇಡಲು ಬೀನ್ ಬ್ಯಾಗ್ ಅಂತ ದುಡ್ಡು ಸುರಿಯಬೇಡಿ. ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಒಂದೂವರೆ ಕೆಜಿ ಅಕ್ಕಿ ತುಂಬಿ, ಎರಡೂ ಕಡೆ ಹೊಲಿಯಿರಿ. ಗಂಗಾವತಿಯಲ್ಲಿದ್ದುಕೊಂಡು ಅಕ್ಕಿಗೆ ಬರವೇ? ಎಂಜಿನ್ ಮಾತ್ರ ಆಫ್ ಮಾಡಿ, ಇಲ್ಲದಿದ್ದರೆ ಲೆನ್ಸೂ ನಡುಗುತ್ತದೆ. ಮಳೆಗಾಲದಲ್ಲಿ ಅಕ್ಕಿ ಬದಲಿಸಿ, ಹುಳ ಬೀಳುತ್ತದೆ.