ನಿಜಾಮರ ಕಾಲದ ಓದು: ಹುಡುಕಾಟ ಮನೆಗಳಿಂದ ಶುರುವಾಗಬೇಕೇ?

ಪರ: ಮೊದಲು ಮನೆಯ ವಹಿ ತೆರೆಯಿರಿ

ಬ್ರಿಟಿಷರ ಅಧೀನದಲ್ಲಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದಿಂದ ಆಡಳಿತವೆಲ್ಲ ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದ್ದೇ. ಬರೀ ಸರ್ಕಾರಿ ಕಡತ ನಂಬಿ ಕೂತರೆ ಆ ಸಂಸ್ಥಾನದಲ್ಲಿದ್ದ ಕಲಬುರಗಿ, ಬೀದರ್ ಕಡೆ ಕನ್ನಡ ಓದುವವರೇ ಇರಲಿಲ್ಲವೇನೋ ಅನ್ನಿಸುತ್ತದೆ. ಭಾಲ್ಕಿಯಲ್ಲಿ ಮಠದ ಸ್ವಾಮಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದರು. ಆ ಮಕ್ಕಳ ಓದನ್ನು ಯಾವ ಕಡತದಲ್ಲಿ ಹುಡುಕುತ್ತೀರಿ?

ನಮ್ಮ ಅಜ್ಜನದೇ ನೋಡಿ. ಉರ್ದು ಶಾಲೆಯಲ್ಲಿ ಕಲಿತವರು. ಜಮೀನಿನ ಲೆಕ್ಕ, ಕಾಗದಪತ್ರ ಎಲ್ಲ ಉರ್ದು. ಅವರದೊಂದು ಭಜನೆ ವಹಿ, ಅಂದರೆ ಹಾಡು ಬರೆದಿಟ್ಟ ಪುಸ್ತಕ, ಮನೆಯಲ್ಲಿದೆ. ಕೆಂಪು ಬಟ್ಟೆಯ ರಟ್ಟು, ಮೂಲೆಯಲ್ಲಿ ಎಣ್ಣೆ ಕಲೆ. ಅದನ್ನು ಓದಲು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಉರ್ದು ಬಲ್ಲ ಗೆಳೆಯನೊಬ್ಬ ಅಕ್ಷರ ಕೂಡಿಸಿ ಓದತೊಡಗಿದ. ಅವನಿಗೆ ಅರ್ಥವಾಗಲಿಲ್ಲ. ಒಳಗಿದ್ದ ಅಮ್ಮ ಮಾತ್ರ ಅಲ್ಲಿಂದಲೇ ಮುಂದಿನ ಸಾಲು ಹಾಡಿಬಿಟ್ಟರು. ಅದು ತತ್ವಪದಕಾರ ಕಡಕೋಳ ಮಡಿವಾಳಪ್ಪನ ಹಾಡು! ಉರ್ದು ಅಕ್ಷರ, ಅಪ್ಪಟ ಕನ್ನಡ.

ಸರ್ಕಾರದ ಲೆಕ್ಕದಲ್ಲಿ ಅಜ್ಜ ಉರ್ದು ಕಲಿತವರು, ಅಷ್ಟೇ. ಅವರು ಓದಿ ಹಾಡಿದ್ದು ಕನ್ನಡ. ಸುತ್ತ ಕೂತು ಕೇಳಿದವರ ಹೆಸರಂತೂ ಎಲ್ಲೂ ಇಲ್ಲ. ಇಂಥ ವಹಿಗಳು ರದ್ದಿಗೆ ಹೋಗುತ್ತಿವೆ. ಪತ್ರಾಗಾರ ನಾಳೆಯೂ ಇರುತ್ತದೆ, ವಹಿ ಇರುವುದಿಲ್ಲ.

ವಿರೋಧ: ಪಟ್ಟಿ ಕೈಯಲ್ಲಿರಲಿ

ವಹಿಯ ಕಥೆ ಚೆನ್ನಾಗಿದೆ. ಆದರೆ ಮನೆಮನೆ ಸುತ್ತಿ ಅಜ್ಜಂದಿರ ನೆನಪು ಕೂಡಿಹಾಕಿದರೆ ಚರಿತ್ರೆ ಆಗುವುದಿಲ್ಲ. ವಹಿ ಉಳಿದಿರುವುದು ಅಟ್ಟ, ಪೆಟ್ಟಿಗೆ ಇದ್ದವರ ಮನೆಯಲ್ಲಿ. ಕೂಲಿಕಾರರ ಗುಡಿಸಲಿನಲ್ಲಿ ಏನು ಸಿಗುತ್ತದೆ?

ದಾಖಲೆ ಇದ್ದೇ ಇವೆ. 1881ರಿಂದ ಸಂಸ್ಥಾನದಲ್ಲಿ ಜನಗಣತಿ ನಡೆದಿದೆ. ಬ್ರಿಟಿಷ್ ಇಂಡಿಯಾದಲ್ಲಿ 1867ರ ಕಾಯ್ದೆಯ ಪ್ರಕಾರ ಅಚ್ಚಾದ ಪುಸ್ತಕಗಳನ್ನು ನೋಂದಾಯಿಸಬೇಕಿತ್ತು. ಧಾರವಾಡ, ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು. ಅಲ್ಲಿ ಯಾವ ಕನ್ನಡ ಪುಸ್ತಕ ಬಂತು ಅನ್ನುವುದು ಆ ಪಟ್ಟಿಗಳಿಂದ ತಿಳಿಯುತ್ತದೆ. ಆ ಪುಸ್ತಕಗಳು ಗಡಿ ದಾಟಿ ಸಂಸ್ಥಾನದ ಸೇಡಂ, ಸುರಪುರಕ್ಕೆ ಬಂದವಾ ಅಂತ ಆಮೇಲೆ ಮನೆಗಳಲ್ಲಿ ವಿಚಾರಿಸಬಹುದು. ಮನೆಗಳಿಗೆ ಹೋಗಲೇಬೇಡಿ ಅಂತ ನಾನೂ ಹೇಳುವುದಿಲ್ಲ. ಏನು ಕೇಳಬೇಕು ಅನ್ನುವುದನ್ನು ತಿಳಿದುಕೊಂಡು ಹೋಗಿ.