ಮೇಷ್ಟ್ರು ಹೆತ್ತ ತಲೆಮಾರು

ಪತ್ರಿಕೆಗಳ ಮೂಲೆಯಲ್ಲಿ 'ಇತಿಹಾಸದಲ್ಲಿ ಈ ದಿನ' ಅಂತ ಒಂದು ಪುಟ್ಟ ಚೌಕ ಬರುತ್ತದಲ್ಲ, ಅದರಲ್ಲಿ ಜೂನ್ 1ರದ್ದನ್ನು ತೆಗೆದು ನೋಡಿ. 1926ರಲ್ಲಿ ಮರ್ಲಿನ್ ಮನ್ರೋ ಹುಟ್ಟಿದರು, 1929ರಲ್ಲಿ ನರ್ಗಿಸ್, 1970ರಲ್ಲಿ ಮಾಧವನ್, 1975ರಲ್ಲಿ ಕರ್ಣಂ ಮಲ್ಲೇಶ್ವರಿ. 1968ರಲ್ಲಿ ಹೆಲೆನ್ ಕೆಲರ್ ತೀರಿಕೊಂಡರು. ಅಷ್ಟಕ್ಕೇ ಚೌಕ ಭರ್ತಿ. ಅದೇ ದಿನ ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಹುಟ್ಟಿದ ಪೋಸ್ಟ್‌ಮಾಸ್ಟರು, ತಹಶೀಲ್ದಾರರು, ಕಂಡಕ್ಟರು, ಗ್ರಾಮ ಲೆಕ್ಕಿಗರು, ಲೈನ್‌ಮನ್ನುಗಳು, ಕನ್ನಡ ಪಂಡಿತರು, ಇವರಲ್ಲಿ ಒಬ್ಬರ ಹೆಸರೂ ಇಲ್ಲ. ಜಗತ್ತಿನ ಇತಿಹಾಸದಲ್ಲಿ ಒಂದೇ ದಿನ ಇಷ್ಟು ಹೆರಿಗೆ ಇನ್ನೆಲ್ಲೂ ಆಗಿರಲಾರದು. ಅಂಥ ಘಟನೆಗೇ ಚೌಕದಲ್ಲಿ ಜಾಗವಿಲ್ಲ ಅಂದರೆ ಅದೆಂಥ ಇತಿಹಾಸ?

ಹಾಲಿವುಡ್ಡಿನವರು ಏನೇ ಹೇಳಿಕೊಳ್ಳಲಿ, ಮನ್ರೋ ಜನ್ಮದಿನಾಂಕ ಕಂಡರೆ ನಮ್ಮ ಕಡೆಯವರಿಗೆ ಮೊದಲು ಬರುವ ಅನುಮಾನ ಒಂದೇ: ಈಯಮ್ಮನ್ನ ಶಾಲೆಗೆ ಸೇರಿಸಿಕೊಂಡ ಹೆಡ್‌ಮೇಷ್ಟ್ರು ಯಾರು?

ಗೊತ್ತಿಲ್ಲದ ಎಳೆಯರಿಗಾಗಿ ಸ್ವಲ್ಪ ಹಿನ್ನೆಲೆ. ಆಗ ಮಕ್ಕಳು ಹುಟ್ಟುತ್ತಿದ್ದದ್ದು ಎರಡು ಸಲ. ಮೊದಲನೆಯದು ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಅದಕ್ಕೆ ಕಾನೂನಿನ ಬೆಲೆ ಇರಲಿಲ್ಲ. ಎರಡನೆಯದು ಐದಾರು ವರ್ಷ ಕಳೆದು, ಶಾಲೆಯ ಜಗಲಿಯಲ್ಲಿ, ಮೇಷ್ಟ್ರ ಕೈಯಲ್ಲಿ. ಮಗು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿಯ ತುದಿ ಮುಟ್ಟಬೇಕು. ಮುಟ್ಟಿತೋ, ವಯಸ್ಸಾಯಿತು. ಮುಟ್ಟಲಿಲ್ಲವೋ, ಬರುವ ವರ್ಷ ಕರೆತನ್ನಿ. ಕೈ ಉದ್ದ ಇದ್ದವರು ಬೇಗ ವಿದ್ಯಾವಂತರಾದರು. ತಲೆ ದೊಡ್ಡದಿದ್ದವರು ಇನ್ನೊಂದು ವರ್ಷ ದನ ಕಾದರು. ಕಿವಿ ಪರೀಕ್ಷೆ ಪಾಸಾದ ಮೇಲೆ ಮೇಷ್ಟ್ರು ದಾಖಲಾತಿ ಪುಸ್ತಕ ತೆರೆದು, ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಯಾಗಿ ಕೂರುವ ಹಾಗೆ, ಹುಟ್ಟಿದ ತಾರೀಕಿನ ಕಾಲಮ್ಮಿನಲ್ಲಿ 1-6 ಅಂತ ಬರೆದು, ಮುಂದೆ ಯಾವುದೋ ಒಂದು ಇಸವಿ ಸೇರಿಸುತ್ತಿದ್ದರು. ಕಲ್ಪನಾಶಕ್ತಿ ಇದ್ದ ಮೇಷ್ಟ್ರುಗಳು ಜೂನ್ 10, ಜುಲೈ 1 ಅಂತ ವೈವಿಧ್ಯ ತೋರಿಸಿದ್ದೂ ಉಂಟು. ಆದರೆ ಅಂಥ ಪ್ರತಿಭೆ ಎಲ್ಲ ಊರಿಗೂ ಸಿಗುವುದಿಲ್ಲ.

ತಾಯಂದಿರಿಗೆ ತಾರೀಕು ಗೊತ್ತಿರಲಿಲ್ಲ, ಮೇಷ್ಟ್ರಾದರೂ ಏನು ಮಾಡಬೇಕಿತ್ತು ಅಂತ ಕೇಳುವವರಿದ್ದಾರೆ. ಗೊತ್ತಿರಲಿಲ್ಲ ಅಂದವರು ಯಾರು? "ನೆಹರೂ ತೀರಿಕೊಂಡ್ರು ಅಂತ ರೇಡಿಯೋದಲ್ಲಿ ಅಂದ್ರಲ್ಲ ಸ್ವಾಮಿ, ಅದರ ಮಾರನೇ ದಿನ, ಗುರುವಾರ, ಕೋಳಿ ಕೂಗೋ ಹೊತ್ತು" ಅಂತ ಒಬ್ಬ ತಾಯಿ ಹೇಳಿದರೆ ಇನ್ನೇನು ಬೇಕು? ನೆಹರೂ ತೀರಿಕೊಂಡದ್ದು 1964ರ ಮೇ 27, ಬುಧವಾರ. ಮಾರನೇ ದಿನ ಗುರುವಾರವೇ. ಆಕೆ ವಾರ, ವೇಳೆ ಎಲ್ಲವನ್ನೂ ತಂದು ಮೇಜಿನ ಮೇಲಿಟ್ಟಿದ್ದಾಳೆ, ಸಾಕ್ಷಿಗೆ ಒಬ್ಬ ಪ್ರಧಾನಮಂತ್ರಿಯನ್ನೂ ನಿಲ್ಲಿಸಿದ್ದಾಳೆ. ಮೇಷ್ಟ್ರು ಎಲ್ಲವನ್ನೂ ತಲೆಯಾಡಿಸಿ ಕೇಳಿಸಿಕೊಂಡು ಬರೆದದ್ದು 1-6-1964.

ಹಾಗೆ ನೋಡಿದರೆ ಚೌಕದ ಅಸಲಿ ಲೇಖಕಿಯರು ಈ ತಾಯಂದಿರೇ. ಗಾಂಧಿಗೆ ಗುಂಡು ಬಿದ್ದ ವರ್ಷ ದೊಡ್ಡವನು, ಇಂದಿರಮ್ಮ ಚಿಕ್ಕಮಗಳೂರಲ್ಲಿ ಓಟಿಗೆ ನಿಂತಾಗ ಕಿರಿಯವಳು, ನಡುವಿನವನು ಕೆರೆ ಒಡೆದ ಮಳೆಗಾಲದಲ್ಲಿ. ಘಟನೆ, ಜನನ, ಮರಣ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಪತ್ರಿಕೆಯ ಉಪಸಂಪಾದಕರು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳುವ ಪಟ್ಟಿಗಿಂತ ಅದು ನಂಬಿಕೆಗೆ ಅರ್ಹವಾಗಿತ್ತು. ಮುದ್ರೆ ಇರಲಿಲ್ಲ, ಅಷ್ಟೇ ಕೊರತೆ.

ಮುಂದೊಂದು ದಿನ ಯಾರೋ ವಿದೇಶಿ ಜನಸಂಖ್ಯಾ ತಜ್ಞರು ನಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗಳನ್ನು ರಾಶಿ ಹಾಕಿಕೊಂಡು ಕೂತರೆ ಏನಾಗಬಹುದು? ಜೂನ್ 1ರಿಂದ ಒಂಬತ್ತು ತಿಂಗಳು ಹಿಂದೆ ಎಣಿಸುತ್ತಾರೆ. ಸೆಪ್ಟೆಂಬರ್ ಮೊದಲ ವಾರಕ್ಕೆ ಬಂದು ನಿಲ್ಲುತ್ತಾರೆ. ಗೌರಿ-ಗಣೇಶದ ಆಸುಪಾಸು. ಕಡುಬಿನ ಬಗ್ಗೆ ಆಮೇಲೆ ಹೊರಬೀಳುವ ಪ್ರಬಂಧಗಳನ್ನು ನೆನೆಸಿಕೊಂಡರೇ ಭಯವಾಗುತ್ತದೆ.

ಮೇಷ್ಟ್ರ ಈ ಹೆರಿಗೆಯಲ್ಲಿ ದೂರದೃಷ್ಟಿಯೂ ಇತ್ತು ಅನ್ನುವುದನ್ನು ಮರೆಯಬಾರದು. "ವಯಸ್ಸು ಒಂದೆರಡು ವರ್ಷ ಕಮ್ಮಿ ಹಾಕಿದೀನಿ, ನಾಳೆ ಸರ್ಕಾರಿ ನೌಕರಿ ಸಿಕ್ಕಿದರೆ ಅಷ್ಟು ವರ್ಷ ಜಾಸ್ತಿ ಸಂಬಳ" ಅಂತ ಅಪ್ಪನ ಕಿವಿಯಲ್ಲಿ ಹೇಳುತ್ತಿದ್ದ ಮೇಷ್ಟ್ರುಗಳಿದ್ದರು. ಮೂಗು ಸೋರುವ ಹುಡುಗನಲ್ಲಿ ಪಿಂಚಣಿದಾರನನ್ನು ಕಂಡ ಮಹಾನುಭಾವರು. ಆದರೆ ಅವರ ಲೆಕ್ಕ ಒಂದು ಕಡೆ ಎಡವಿತು. ನಮ್ಮ ರಾಜ್ಯದ ನೌಕರರು ನಿವೃತ್ತರಾಗುವುದು 60 ತುಂಬಿದ ತಿಂಗಳ ಕೊನೆಯ ದಿನ. ತಿಂಗಳ 1ನೇ ತಾರೀಕು ಹುಟ್ಟಿದವರಿಗೆ ಮಾತ್ರ ಬೇರೆ ನಿಯಮ, ಅವರು ಹಿಂದಿನ ತಿಂಗಳ ಕೊನೆಯ ದಿನವೇ ಎದ್ದು ಹೋಗಬೇಕು. ಅಂದರೆ ಜೂನ್ 1ರವರು ಮೇ 31ಕ್ಕೆ ಮನೆಗೆ, ಜೂನ್ 2ರವರು ಜೂನ್ 30ಕ್ಕೆ. ಮೇಷ್ಟ್ರು ಅವತ್ತು ಒಂದರ ಬದಲು ಎರಡು ಅಂತ ಗೀಚಿದ್ದರೆ ಪೂರ್ತಿ ಒಂದು ತಿಂಗಳ ಸಂಬಳ, ಅದೂ ಸೇವೆಯ ಕೊನೆಯ, ಎಲ್ಲಕ್ಕಿಂತ ದಪ್ಪ ಸಂಬಳ ಸಿಗುತ್ತಿತ್ತು. ಮಸಿ ಉಳಿಸಿದ್ದರಿಂದ ಇಷ್ಟು ದುಬಾರಿ ನಷ್ಟ ಇನ್ಯಾರಿಗೂ ಆಗಿರಲಾರದು.

ಹೀಗಾಗಿ ಪ್ರತಿ ಮೇ 31ರಂದು ರಾಜ್ಯದ ಕಚೇರಿಗಳಲ್ಲಿ ಶಾಲುಗಳ ಹಬ್ಬ. ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ವೇದಿಕೆಯ ಮೇಲೆ ಸಂಕೋಚದಲ್ಲಿ ಕೂತ ಧರ್ಮಪತ್ನಿ. ಒಂದೇ ಪೇಟ ಮಧ್ಯಾಹ್ನದೊಳಗೆ ಮೂರು ತಲೆ ಸುತ್ತಿ ಬರುವುದೂ ಉಂಟು. ಇದರಲ್ಲಿ ಶಿಕ್ಷಣ ಇಲಾಖೆಯ ಪಾಡು ನೋಡಬೇಕು. ಹೊಸ ಮಕ್ಕಳು ಬ್ಯಾಗು ಏರಿಸಿಕೊಂಡು ಬರುವ ಹೊತ್ತಿಗೆ ಸರಿಯಾಗಿ ಹಳೆಯ ಮೇಷ್ಟ್ರುಗಳು ಶಾಲು ಹೊದ್ದು ಹೊರಟಿರುತ್ತಾರೆ. ಅವರ ಮೇಷ್ಟ್ರು ಅವರಿಗೆ ಬರೆದಿಟ್ಟಿದ್ದ ತಾರೀಕು ಅದು.

ತಾರೀಕನ್ನು ತಿದ್ದಿಸಬಾರದಿತ್ತೇ? 1974ರಲ್ಲೇ ಕರ್ನಾಟಕ ಈ ಒಂದು ವಿಷಯಕ್ಕೆಂದೇ ಕಾಯಿದೆ ಮಾಡಿತು. ಸೇವೆಗೆ ಸೇರಿ ವಯಸ್ಸು ದಾಖಲಾದ ಮೂರು ವರ್ಷದೊಳಗೆ ಕೇಳಿದರೆ ಉಂಟು, ಆಮೇಲೆ ಇಲ್ಲ. ಹೊಸ ನೌಕರನಿಗೆ ಆ ಮೂರು ವರ್ಷದಲ್ಲಿ ಪ್ರೊಬೇಷನ್ನು, ಮದುವೆ, ವರ್ಗಾವಣೆ ಇವೇ ಚಿಂತೆ. ತಾನು ಹುಟ್ಟಿದ್ದು ಯಾವಾಗ ಅನ್ನುವ ತತ್ತ್ವಜಿಜ್ಞಾಸೆ ಹುಟ್ಟುವುದು ನಿವೃತ್ತಿಗೆ ಆರು ತಿಂಗಳಿದ್ದಾಗ. ಆಗ ಅಟ್ಟದಿಂದ ಜಾತಕ ಇಳಿಯುತ್ತದೆ. ಆಶ್ಚರ್ಯವೆಂದರೆ ಅದರ ಪ್ರಕಾರ ಆತ ಯಾವತ್ತೂ ಚಿಕ್ಕವನೇ. ನಾನು ಅಂದುಕೊಂಡದ್ದಕ್ಕಿಂತ ದೊಡ್ಡವನು, ದಯವಿಟ್ಟು ಬೇಗ ಕಳಿಸಿಕೊಡಿ ಅಂತ ಕೋರ್ಟಿಗೆ ಹೋದ ನೌಕರನ ಬಗ್ಗೆ ನಾನಂತೂ ಕೇಳಿಲ್ಲ.

ಗುಮಾಸ್ತರನ್ನಷ್ಟೇ ಆಡಿಕೊಳ್ಳುವುದು ಬೇಡ. ದೇಶದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಹುಟ್ಟಿದ್ದು 1950ರಲ್ಲೋ 1951ರಲ್ಲೋ ಅನ್ನುವ ಪ್ರಶ್ನೆ 2012ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಮೇ 10 ಅನ್ನುವುದರಲ್ಲಿ ತಕರಾರಿಲ್ಲ, ಜಗಳವೆಲ್ಲ ಇಸವಿಯದು. ಕೊನೆಗೆ ಅರ್ಜಿ ವಾಪಸಾಯಿತು, ಜನರಲ್ ನಿವೃತ್ತರಾದರು. ಯಾವತ್ತು ಅಂತೀರಿ? ಮೇ 31. ನಮ್ಮ ಹಳ್ಳಿ ಮೇಷ್ಟ್ರ ಕೈ ಎಲ್ಲಿಯ ತನಕ ಚಾಚಿದೆ ನೋಡಿ.

ಇಷ್ಟರ ನಡುವೆ ನಿಜಕ್ಕೂ ಪಾಪ ಅನ್ನಿಸುವುದು ನಿಜವಾಗಿಯೂ ಜೂನ್ 1ರಂದು ಹುಟ್ಟಿದವರನ್ನು ಕಂಡರೆ. 1996ರ ಜೂನ್ 1 ತಗೊಳ್ಳಿ. ವಾಜಪೇಯಿಯವರ 13 ದಿನದ ಸರ್ಕಾರ ಬಿದ್ದು, ಎಚ್.ಡಿ. ದೇವೇಗೌಡರು ದಿಲ್ಲಿಯಲ್ಲಿ ಪ್ರಧಾನಿಯಾಗಿ ಪ್ರಮಾಣವಚನ ತೆಗೆದುಕೊಂಡ ಶನಿವಾರ. ಅದೇ ದಿನ ಇತ್ತ ಬೆಂಗಳೂರಿನಲ್ಲಿ ಮಾಜಿ ರಾಷ್ಟ್ರಪತಿ ನೀಲಂ ಸಂಜೀವ ರೆಡ್ಡಿ ಕೊನೆಯುಸಿರೆಳೆದರು. ಕರ್ನಾಟಕ ಮೊದಲ ಪ್ರಧಾನಿಯ ಸಂಭ್ರಮದಲ್ಲಿತ್ತು, ರಾಷ್ಟ್ರಪತಿಯವರ ಸುದ್ದಿ ಒಳಪುಟಕ್ಕೆ ಸರಿದಿದ್ದರೂ ತಪ್ಪು ಹೊರಿಸುವಂತಿಲ್ಲ. ಆ ದಿನ ಹಾಸನದ ಯಾವುದೋ ಆಸ್ಪತ್ರೆಯಲ್ಲಿ ಒಂದು ಹೆಣ್ಣು ಮಗು ಹುಟ್ಟಿತು ಅಂತಿಟ್ಟುಕೊಳ್ಳಿ. ಹೊರಗೆ ಪಟಾಕಿ, ಒಳಗೆ ಅಳು. ಇಷ್ಟೆಲ್ಲ ಇದ್ದೂ ಅವಳು ಬ್ಯಾಂಕಿಗೆ, ಕಚೇರಿಗೆ ಹೋಗಿ ಜನ್ಮದಿನಾಂಕ ಹೇಳಿದರೆ ಕೌಂಟರಿನಾಚೆಯವರು ಕನ್ನಡಕದ ಮೇಲಿಂದ ನೋಡಿ, "ಇದು ಶಾಲೇದು ಸರಿಯಮ್ಮ, ಒರಿಜಿನಲ್ ಯಾವುದು?" ಅಂತಾರೆ. ಸುಳ್ಳಿನವರು ಇಷ್ಟು ಜನ ಸೇರಿಬಿಟ್ಟರೆ ನಿಜದವರೇ ಪ್ರಮಾಣ ಮಾಡಿ ಹೇಳಬೇಕಾಗುತ್ತದೆ.

ಅತ್ತ ವಾಟ್ಸಾಪ್ ಗುಂಪುಗಳಲ್ಲಿ ಅವತ್ತು ಬೆಳಗ್ಗೆಯಿಂದ ಕೇಕಿನ ಮಳೆ. ಬ್ಯಾಂಕಿನವರು, ವಿಮೆಯವರು, ವಾರ್ಡಿನ ಆಕಾಂಕ್ಷಿ ಅಭ್ಯರ್ಥಿ, ಎಲ್ಲರಿಂದಲೂ ಶುಭಾಶಯ. ಹುಟ್ಟುಹಬ್ಬದ ಮನುಷ್ಯನಿಗೆ ಮಾತ್ರ ಯಾರೋ ನೆನಪಿಸಬೇಕು. ಮಧ್ಯಾಹ್ನದ ಮೇಲೆ ಎರಡು ಕೈ ಜೋಡಿಸಿದ ಚಿತ್ರವೊಂದನ್ನು ಹಾಕಿ ಸುಮ್ಮನಾಗುತ್ತಾನೆ. ಆಧಾರ್ ಬಂದ ಮೇಲೆ ಜನವರಿ 1ರವರೂ ಪೈಪೋಟಿಗೆ ಇಳಿದಿದ್ದಾರೆ, ಆದರೆ ಅದು ಕಂಪ್ಯೂಟರಿನ ಸೋಮಾರಿತನ. ಮೇಷ್ಟ್ರ ಕೈಬರಹದ ಘನತೆ ಅದಕ್ಕಿಲ್ಲ.

ಈಗ ಕಾಲ ಬದಲಾಗಿದೆ, ಅವೆಲ್ಲ ಮುಗಿದ ಕಥೆ ಅನ್ನಬೇಡಿ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೊಂದೇ ಆಧಾರ ಅಂತ ಕಾನೂನಾಗಿದೆ ನಿಜ. ಆದರೆ ಜೂನ್ 1ರ ಮೇಲಿನ ಸರ್ಕಾರದ ಪ್ರೀತಿ ಒಂಚೂರೂ ಕಮ್ಮಿಯಾಗಿಲ್ಲ. ಒಂದನೇ ತರಗತಿಗೆ ಸೇರಬೇಕಾದರೆ ಜೂನ್ 1ಕ್ಕೆ ಸರಿಯಾಗಿ ಆರು ವರ್ಷ ತುಂಬಿರಬೇಕು ಅಂತ 2022ರಲ್ಲಿ ಆದೇಶ ಹೊರಟಿತು. ಗಲಾಟೆಯಾಗಿ 2025-26ಕ್ಕೆ ಮುಂದೆ ಹೋಯಿತು. ಆ ವರ್ಷ ಬಂದಾಗ ಪೋಷಕರು ಮತ್ತೆ ಬೊಬ್ಬೆ ಹಾಕಿದರು. ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳು ಸಾಕು ಅಂತ ಸಡಿಲಿಸಿ, ಮುಂದಿನ ಸಲದಿಂದ ಆರು ಅಂದರೆ ಆರೇ ಅಂದರು. ಹಿಂದೆ ಎಂದೋ ಹುಟ್ಟಿದವರನ್ನೆಲ್ಲ ಎಳೆದು ಜೂನ್ 1ಕ್ಕೆ ಕಟ್ಟಿದ್ದ ವ್ಯವಸ್ಥೆಯೇ ಈಗ ಒಂದೆರಡು ದಿನ ತಡವಾಗಿ ಹುಟ್ಟಿದ ಮಗುವಿನ ಪ್ರಮಾಣಪತ್ರವನ್ನು ಬೂದುಗಾಜು ಹಿಡಿದು ನೋಡುತ್ತದೆ. ಕಿವಿ ಮುಟ್ಟಿ ತೋರಿಸುತ್ತೇನೆ ಅಂದರೂ ಕೇಳುವವರಿಲ್ಲ.

ಜೂನ್ 2ರಂದು ಹುಟ್ಟಿದ ಮಗುವಿನ ಅಪ್ಪನಿಗೆ ಒಂದು ಉಪಾಯ ಇದೆ, ಉಚಿತವಾಗಿ ಹೇಳುತ್ತೇನೆ. ಹುಟ್ಟಿದ ದಿನದ ಹಿಂದಿನ ದಿನ ಮುಗಿಯುವಾಗಲೇ ವಯಸ್ಸು ತುಂಬುತ್ತದೆ. ತಿಂಗಳ 1ನೇ ತಾರೀಕಿನವರನ್ನು ಒಂದು ದಿನ ಮೊದಲೇ ಮನೆಗೆ ಕಳಿಸುವುದು ಇದೇ ತರ್ಕದ ಮೇಲೆ. 1986ರಲ್ಲಿ ರಾಜಸ್ಥಾನದ ನೌಕರಿ ಅಭ್ಯರ್ಥಿಯೊಬ್ಬರು ಜನವರಿ 2ರಂದು ಹುಟ್ಟಿದವರು ಅಂತ ಕೇಸಾದಾಗ, ಜನವರಿ 1ಕ್ಕೇ ನಿಮಗೆ 28 ತುಂಬಿತು, ವಯಸ್ಸು ಮೀರಿತು ಅಂತ ಸುಪ್ರೀಂ ಕೋರ್ಟು ಹೇಳಿತ್ತು. ಅದೇ ಲೆಕ್ಕದಲ್ಲಿ ಜೂನ್ 2ರ ಮಗುವಿಗೆ ಜೂನ್ 1ಕ್ಕೆ ಆರು ತುಂಬಲೇಬೇಕು. ಆಗ ಒಬ್ಬನನ್ನು ಹೊರಗಿಟ್ಟ ವಾದದಿಂದ ಈಗ ಒಬ್ಬಳನ್ನು ಒಳಗೆ ಸೇರಿಸಬಹುದು. ತೀರ್ಪಿನ ಪ್ರತಿ ಹಿಡಿದುಕೊಂಡು ಹೆಡ್‌ಮೇಷ್ಟ್ರನ್ನು ಕಾಣಲಿ. ಮೇ 31ರ ಒಳಗೆ ಹೋದರೆ ಒಳ್ಳೆಯದು, ಅವರೂ ನಿವೃತ್ತಿ ಅಂಚಿನಲ್ಲಿರಬಹುದು.

ಜೂನ್ 3ರ ಮಗುವಿಗೆ ಯಾವ ವಕೀಲರೂ ಇಲ್ಲ. ಅದು ಇನ್ನೊಂದು ವರ್ಷ ಯುಕೆಜಿಯಲ್ಲೇ ಕೂತು, ಈಗಾಗಲೇ ಬಾಯಿಪಾಠವಾಗಿರುವ ಆನೆ ಬಂತೊಂದಾನೆಯನ್ನು ಹೊಸ ಮಕ್ಕಳಿಗೆ ಹೇಳಿಕೊಡಲಿ. ಫೀಸು ಮಾತ್ರ ಪೂರ್ತಿ ಕಟ್ಟಬೇಕು.