ಷಿಕಾಗೋದ ಪಿಂಚಣಿ ಸಾಲ ಮತ್ತು ನಮ್ಮ ಒಪಿಎಸ್ ಬೇಡಿಕೆ

ಖಚಿತ ಪಿಂಚಣಿ ಕೊಡುವ ಹಳೆ ಪಿಂಚಣಿ ಯೋಜನೆ (ಒಪಿಎಸ್) ಮರಳಿ ಬರಬೇಕೆಂಬ ಸರ್ಕಾರಿ ನೌಕರರ ಬೇಡಿಕೆಗೆ ನನ್ನ ಬೆಂಬಲವಿದೆ. ನಾನು ದಾವಣಗೆರೆಯಲ್ಲಿ ಶಿಕ್ಷಕನಾಗಿ ಹಳೆ ಯೋಜನೆಯಲ್ಲೇ ನಿವೃತ್ತನಾದವನು. ಪ್ರತಿ ನವೆಂಬರ್‌ನಲ್ಲಿ ಬ್ಯಾಂಕಿಗೆ ಜೀವಿತ ಪ್ರಮಾಣಪತ್ರ ಕೊಟ್ಟರೆ ನನ್ನ ಚಿಂತೆ ಮುಗಿಯಿತು. ಪೊಲೀಸ್ ಇಲಾಖೆಯಲ್ಲಿರುವ ನನ್ನ ತಂಗಿಯ ಮಗ 2006ರ ಏಪ್ರಿಲ್ 1ರ ನಂತರ ಸೇರಿದವನು. ಅವನ ಮೂಲವೇತನ ಮತ್ತು ತುಟ್ಟಿಭತ್ಯೆಯಲ್ಲಿ ಶೇ. 10 ಪ್ರತಿ ತಿಂಗಳು ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಕಡಿತವಾಗುತ್ತದೆ, ಸರ್ಕಾರ ಶೇ. 14 ಸೇರಿಸುತ್ತದೆ, ಕೊನೆಗೆ ಕೈಗೆ ಬರುವುದೆಷ್ಟೆಂಬುದನ್ನು ಮಾರುಕಟ್ಟೆ ತೀರ್ಮಾನಿಸುತ್ತದೆ. ಗಣೇಶ ವಿಸರ್ಜನೆಯ ಬಂದೋಬಸ್ತ್ ಮುಗಿಸಿ ಬೆಳಗಿನ ಜಾವ ಮನೆಗೆ ಬರುವವನಿಗೆ ಇಷ್ಟು ಅನಿಶ್ಚಿತತೆ ಸಲ್ಲದು.

ಆದರೆ ಪಿಂಚಣಿಯ ಭರವಸೆ ಕೊಟ್ಟು ಹಣ ಎತ್ತಿಡದಿದ್ದರೆ ಏನಾಗುತ್ತದೆಂಬುದನ್ನು ಅಮೆರಿಕದ ಷಿಕಾಗೋ ನಗರವನ್ನು ನೋಡಿ ತಿಳಿಯಬೇಕು. ಅಲ್ಲಿ ಪೊಲೀಸ್, ಅಗ್ನಿಶಾಮಕ, ಕಚೇರಿ ನೌಕರರು ಮತ್ತು ಕಾರ್ಮಿಕರಿಗೆಂದು ನಾಲ್ಕು ಪಿಂಚಣಿ ನಿಧಿಗಳಿವೆ. ದಶಕಗಳ ಕಾಲ ನಗರವು ಮುಂದೆ ನಿಜಕ್ಕೂ ಎಷ್ಟು ಬೇಕಾಗುತ್ತದೆಂದು ಲೆಕ್ಕ ಹಾಕದೆ, ನೌಕರರ ವಂತಿಗೆಯ ಇಂತಿಷ್ಟು ಪಟ್ಟು ಎಂಬ ಕಾನೂನಿನ ಸೂತ್ರದಂತೆ ಹಣ ತುಂಬಿತು. ಈಗ ಕೊರತೆ ಸುಮಾರು 3,500 ಕೋಟಿ ಡಾಲರ್. ಷಿಕಾಗೋ ಇರುವ ಇಲಿನಾಯ್ ರಾಜ್ಯದ 1970ರ ಸಂವಿಧಾನ ಪಿಂಚಣಿ ಕಡಿತವನ್ನು ನಿಷೇಧಿಸಿರುವುದರಿಂದ, ನಗರದ ಪಿಂಚಣಿ ಸೌಲಭ್ಯ ತಗ್ಗಿಸುವ ಸುಧಾರಣಾ ಕಾನೂನನ್ನು ಆ ರಾಜ್ಯದ ಸುಪ್ರೀಂ ಕೋರ್ಟ್ 2016ರಲ್ಲಿ ರದ್ದುಪಡಿಸಿತು. ನೌಕರರ ಹಕ್ಕನ್ನು ಎತ್ತಿಹಿಡಿದ ಆ ತೀರ್ಪು ಸರಿಯೆಂದೇ ನನ್ನ ಭಾವನೆ. ಆದರೆ ಹಣ ಬರಬೇಕಾದದ್ದು ಮನೆಗಂದಾಯದಿಂದ: 2015ರಲ್ಲಿ ಒಪ್ಪಿಗೆ ಪಡೆದ 58.8 ಕೋಟಿ ಡಾಲರ್ ತೆರಿಗೆ ಏರಿಕೆಯ ಬಹುಪಾಲು ಪೊಲೀಸ್ ಮತ್ತು ಅಗ್ನಿಶಾಮಕ ಪಿಂಚಣಿಗೇ ಮೀಸಲಾಯಿತು. ನಿವೃತ್ತ ಪೊಲೀಸರ ಹಳೆ ಬಾಕಿ ತೀರಿಸಲು ಹೋದ ಹಣದಲ್ಲಿ ಹೊಸ ಪೊಲೀಸರನ್ನು ನೇಮಿಸಲಾಗದು. ಅಪರಾಧದ ಭಯದಲ್ಲಿರುವ ನಿವಾಸಿಗೆ ತೆರಿಗೆ ಹೆಚ್ಚುತ್ತದೆಯೇ ಹೊರತು ಬೀಟ್ ಪೊಲೀಸರು ಹೆಚ್ಚುವುದಿಲ್ಲ.

ಅಮೆರಿಕದ್ದೇ ಇನ್ನೊಂದು ನಗರ ಡೆಟ್ರಾಯಿಟ್ ಇನ್ನೂ ಮುಂದೆ ಹೋಯಿತು. ಕಾರು ಕಾರ್ಖಾನೆಗಳು ಕೈಬಿಟ್ಟ ಆ ಊರು 2013ರ ಜುಲೈನಲ್ಲಿ ಸುಮಾರು 1,800 ಕೋಟಿ ಡಾಲರ್ ಸಾಲದೊಂದಿಗೆ ದಿವಾಳಿ ಅರ್ಜಿ ಸಲ್ಲಿಸಿದಾಗ, ಬೀದಿದೀಪಗಳಲ್ಲಿ ಶೇ. 40ರಷ್ಟು ಉರಿಯುತ್ತಿರಲಿಲ್ಲ, ತುರ್ತು ಕರೆಗೆ ಪೊಲೀಸರು ಬರಲು ಸರಾಸರಿ 58 ನಿಮಿಷ ಬೇಕಾಗುತ್ತಿತ್ತು. ಸಾಮಾನ್ಯ ನಿವೃತ್ತ ನೌಕರರ ಪಿಂಚಣಿಯೂ ಶೇ. 4.5 ಕಡಿತವಾಯಿತು. ಹತ್ತಿಗಿರಣಿಗಳು ಮುಚ್ಚಿದ್ದನ್ನು ಕಂಡ ದಾವಣಗೆರೆಯವರಿಗೆ, ಊರಿನ ದುಡಿಮೆ ಕುಸಿದರೂ ಬಾಕಿ ಕುಸಿಯದೆಂಬುದನ್ನು ವಿವರಿಸಬೇಕಿಲ್ಲ.

ನಮ್ಮಲ್ಲಿ ಪೊಲೀಸರ ಸಂಬಳ, ಪಿಂಚಣಿಯ ಹೊಣೆ ಪಾಲಿಕೆಯದಲ್ಲ, ರಾಜ್ಯದ್ದು. ಹಾಗೆಂದು ನಿಶ್ಚಿಂತರಾಗಿರುವಂತಿಲ್ಲ. ಹಳೆ ಯೋಜನೆಗೆ ಪ್ರತ್ಯೇಕ ನಿಧಿಯೇ ಇಲ್ಲ. ನನ್ನ ಪಿಂಚಣಿ ಆಯಾ ವರ್ಷದ ತೆರಿಗೆಯಿಂದಲೇ ಬರುತ್ತದೆ. ಆದ್ದರಿಂದ ನೌಕರರ ಸಂಘಟನೆಗಳು ಒಪಿಎಸ್ ಜೊತೆಯಲ್ಲೇ, ಪ್ರತಿ ವರ್ಷ ಇಷ್ಟು ಹಣ ಎತ್ತಿಡಲೇಬೇಕೆಂಬ ಕಾನೂನನ್ನೂ, ಮುಂದಿನ 30 ವರ್ಷಗಳ ಪಿಂಚಣಿ ಹೊರೆಯ ಅಂದಾಜನ್ನು ಬಜೆಟ್ ಪುಸ್ತಕದಲ್ಲಿ ಮುದ್ರಿಸುವುದನ್ನೂ ಕೇಳಬೇಕು. ನಿವೃತ್ತರ ಸಂಘಗಳೂ ಈ ಮಾತಿಗೆ ದನಿಗೂಡಿಸಬೇಕು. ನಮ್ಮ ಜಿಲ್ಲೆಯ ಶಾಸಕರಿಗೆ ಕೊಡುವ ಮನವಿಯಲ್ಲಿ ಇದನ್ನು ಸೇರಿಸೋಣ.